ಉದ್ದ ಲಂಗ ನಿಜ, ಥಳಕು ಸುಳ್ಳು

ಪ್ರಶ್ನೆ: ಕೌಬಾಯ್ ಸಿನಿಮಾಗಳಲ್ಲಿ ಹೆಂಗಸರು ನೆಲ ಗುಡಿಸುವಂಥ ಗೌನು ಹಾಕಿರುತ್ತಾರೆ. ಆ ದೂಳಲ್ಲಿ ನಿಜಕ್ಕೂ ಹಾಗೇ ಇರುತ್ತಿದ್ದರಾ?
– ಓದುಗರು, ಶಿರಸಿ

ಉತ್ತರ: ಲಂಗ ಉದ್ದವೇ ಇತ್ತು. ಆದರೆ ರೇಷ್ಮೆ, ಲೇಸು ಎಲ್ಲ ಸಿನಿಮಾದವರದ್ದು. 1840–50ರ ದಶಕಗಳಲ್ಲಿ ಅಮೆರಿಕದ ಪಶ್ಚಿಮಕ್ಕೆ ವಲಸೆ ಹೊರಟವರಿಗೆ ಮಿಸೌರಿ ನದಿಯಿಂದ ಆರೆಗಾನ್‌ಗೆ ಹೋಗುವ ದಾರಿ ಸುಮಾರು 3,200 ಕಿ.ಮೀ. ಗಾಡಿ ತುಂಬ ಸಾಮಾನು, ಹಾಗಾಗಿ ಜಾಸ್ತಿ ಜನ ನಾಲ್ಕೈದು ತಿಂಗಳು ನಡೆದೇ ಹೋದರು. ಅದಕ್ಕೆ ತಕ್ಕಂತೆ ಸಣ್ಣ ಹೂವಿನ, ಗಾಢ ಬಣ್ಣದ ಚೀಟಿ ಬಟ್ಟೆ. ಕೊಳೆ ಕಾಣಬಾರದಲ್ವಾ! ಬಯಲುಗಾಳಿಗೆ ಲಂಗ ಹಾರದಿರಲೆಂದು ಕೆಲವರು ಅಂಚಿನ ಮಡಿಕೆಯೊಳಗೆ ಸೀಸದ ಚೂರು ಇಟ್ಟು ಹೊಲಿಯುತ್ತಿದ್ದರು. ಗೌನು ಪದೇ ಪದೇ ಒಗೆಯಲು ನೀರೆಲ್ಲಿ? ಅದಕ್ಕೇ ಮೇಲೊಂದು ಏಪ್ರನ್. ಸೌದೆ ಸಿಗದ ಕಡೆ ಬೈಸನ್‌ಗಳ ಒಣ ಸಗಣಿ ಆಯ್ದು ತುಂಬಿಕೊಳ್ಳಲೂ ಅದೇ ಏಪ್ರನ್.

ನನಗೆ ಇಷ್ಟವಾಗುವುದು ಅವರ ಬಾನೆಟ್. ಟೋಪಿಯ ಮುಂಭಾಗದಲ್ಲಿ ಸಾಲಾಗಿ ಹೊಲಿದ ಕಿರಿದಾದ ಜೇಬುಗಳು, ಒಳಗೆ ರಟ್ಟಿನ ಅಥವಾ ತೆಳು ಮರದ ಪಟ್ಟಿಗಳು. ಮುಖಕ್ಕೆ ಮಾಡು ಕಟ್ಟಿದ ಹಾಗೆ ನೆರಳು. ಒಗೆಯುವಾಗ ಪಟ್ಟಿ ಎಳೆದು ತೆಗೆದರಾಯಿತು. ಒಂದೇ ತೊಂದರೆ, ಅಕ್ಕಪಕ್ಕ ಏನೂ ಕಾಣುತ್ತಿರಲಿಲ್ಲ.

ಪ್ರಶ್ನೆ: ಯಾರೂ ಪ್ಯಾಂಟ್ ಹಾಕಲಿಲ್ಲವೇ?
– ಓದುಗರು, ಹಾಸನ

ಉತ್ತರ: ಹಾಕಿದರು, ಬೈಗುಳವನ್ನೂ ತಿಂದರು. 1851ರಲ್ಲಿ ಅಮೇಲಿಯಾ ಬ್ಲೂಮರ್ ತಮ್ಮ ‘ದಿ ಲಿಲಿ’ ಪತ್ರಿಕೆಯಲ್ಲಿ ಗಿಡ್ಡ ಲಂಗ, ಅದರಡಿ ಸಡಿಲ ಪೈಜಾಮದಂಥ ಉಡುಪಿನ ಪರ ಬರೆದರು. ಊರಲ್ಲೆಲ್ಲ ನಗೆಪಾಟಲು. 1858ರಲ್ಲಿ ಜೂಲಿಯಾ ಆರ್ಚಿಬಾಲ್ಡ್ ಹೋಮ್ಸ್ ಅದನ್ನೇ ತೊಟ್ಟು ಕ್ಯಾನ್ಸಸ್‌ನಿಂದ ಹೊರಟು, 14,000 ಅಡಿಗೂ ಎತ್ತರದ ಪೈಕ್ಸ್ ಪೀಕ್ ಹತ್ತಿದರು. ತಂಡದಲ್ಲಿದ್ದ ಇನ್ನೊಬ್ಬಾಕೆ ದಾರಿಯಲ್ಲಿ ಮೆಲ್ಲಗೆ ಬುದ್ಧಿ ಹೇಳಿದರಂತೆ: ಉದ್ದ ಗೌನಿದ್ದರೆ ಹಾಕ್ಕೋ, ಗಂಡಸರು ಆಡಿಕೊಳ್ಳುತ್ತಿದ್ದಾರೆ. ಜೂಲಿಯಾ ಕೇಳಲಿಲ್ಲ, ಸದ್ಯ! ಬುದ್ಧಿ ಹೇಳಿದಾಕೆ ಬಿಸಿಲಲ್ಲಿ ಕಾದ ಗಾಡಿಯೊಳಗೇ ಕೂತಿರುತ್ತಿದ್ದರು ಎಂದು ಜೂಲಿಯಾ ಬರೆದಿದ್ದಾರೆ.

ಪ್ರಶ್ನೆ: ಹಾಗಾದರೆ ಫ್ಯಾಷನ್ ಎಂಬುದೇ ಇರಲಿಲ್ಲವಾ?
– ಓದುಗರು, ಗದಗ

ಉತ್ತರ: ಆಸೆ ಎಲ್ಲಿ ಬಿಡುತ್ತೆ? ಫಿಲಡೆಲ್ಫಿಯಾದ ‘ಗೋಡೀಸ್ ಲೇಡೀಸ್ ಬುಕ್’ ಮಾಸಿಕದ ಬಣ್ಣದ ಚಿತ್ರಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಹೊಸ ಬಟ್ಟೆ ದುಬಾರಿ, ಹಾಗಾಗಿ ಹಳೆ ಗೌನನ್ನೇ ಬಿಚ್ಚಿ, ಒಳಮೈ ಹೊರಗೆ ಬರುವಂತೆ ತಿರುಗಿಸಿ ಹೊಲಿಯುವುದು. ಉಳಿದ ಚೂರು ಕೌದಿಗೆ. ಆದರೆ ಶೂ ಸವೆದಾಗ ಗೋಡೀಸ್ ನೆರವಿಗೆ ಬರಲಿಲ್ಲ. ಅಲ್ಲಿನ ಮೂಲನಿವಾಸಿಗಳು ಹೊಲಿದ ಚರ್ಮದ ಮೊಕಾಸಿನ್‌ಗಳನ್ನು ಕೊಂಡು ಹಾಕಿಕೊಂಡರು.