ಇಂಟರ್ನೆಟ್ ಬಂದ್ ಆದಾಗ ವಾಕಿಟಾಕಿ ಸಾಕಾಗುತ್ತಾ?

ಸರ್ಕಾರ ಇಂಟರ್ನೆಟ್ ಬಂದ್ ಮಾಡಿದರೆ ಬೇರೆ ಬಡಾವಣೆಯಲ್ಲಿರುವ ಅಪ್ಪ-ಅಮ್ಮನ ಸಂಪರ್ಕಕ್ಕೆ ವಾಕಿಟಾಕಿ ಸಾಕಾ, ಇಲ್ಲ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಮಾಡಿಸಬೇಕಾ ಎಂದು ಕೇಳಿದ್ದೀರಿ. ನನ್ನ ಹತ್ತಿರ ಹ್ಯಾಮ್ ಲೈಸೆನ್ಸ್ ಇದೆ, ಆ ಹವ್ಯಾಸ ಅಂದರೆ ನನಗೆ ತುಂಬಾ ಇಷ್ಟ. ಆದರೂ ಈ ಕೆಲಸಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಮೊದಲು ನಿಂತಿರುವುದೇನು ಅಂತ ನೋಡಿ. ನಮ್ಮಲ್ಲಿ ಹೆಚ್ಚಿನ ಸಲ ನಿಲ್ಲಿಸುವುದು ಮೊಬೈಲ್ ಡೇಟಾ ಮಾತ್ರ. 2019ರ ಡಿಸೆಂಬರ್‌ನಲ್ಲಿ ದಕ್ಷಿಣ ಕನ್ನಡದಲ್ಲಿ ಆಗಿದ್ದು ಅದೇ. ಆಗ ಮಾಮೂಲಿ ಫೋನ್ ಕರೆ ಸಾಕು. ಅದೇ ವರ್ಷ ಆಗಸ್ಟ್‌ನಲ್ಲಿ ಕಾಶ್ಮೀರದಲ್ಲಿ ಲ್ಯಾಂಡ್‌ಲೈನ್ ಕೂಡ ಸತ್ತಿತ್ತು. ರೇಡಿಯೊ ಬೇಕಾಗುವುದು ಅಂಥ ದಿನಕ್ಕೆ.

ಹ್ಯಾಮ್‌ನಲ್ಲಿ ಎರಡೂ ಕಡೆ ಲೈಸೆನ್ಸ್ ಬೇಕು, ಅಂದರೆ ನಿಮ್ಮ ಅಮ್ಮನೂ ಪರೀಕ್ಷೆ ಬರೆಯಬೇಕು. ಗುಟ್ಟಿನ ಕೋಡ್ ಬಳಸುವಂತಿಲ್ಲ. ಬೇರೆಯವರ ಸಂದೇಶ ದಾಟಿಸಲು ಅವಕಾಶ ಇರುವುದು ನೆರೆ, ಭೂಕಂಪದಂಥ ವಿಪತ್ತಿನಲ್ಲಿ. 2004ರ ಸುನಾಮಿ ಹೊತ್ತಲ್ಲಿ ಅಂಡಮಾನ್‌ನಿಂದ ಎಷ್ಟೋ ಜನರ ಕ್ಷೇಮ ಸಮಾಚಾರವನ್ನು ಹ್ಯಾಮ್‌ಗಳೇ ಮುಟ್ಟಿಸಿದರು. ಸರ್ಕಾರವೇ ಸಂಪರ್ಕ ಕಡಿದಾಗ ಆ ನಿಯಮ ನಿಮ್ಮ ನೆರವಿಗೆ ಬರುವುದಿಲ್ಲ.

ವಾಕಿಟಾಕಿಯಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಪವರ್ ಸೆಟ್‌ಗಳಿಗೆ ಲೈಸೆನ್ಸ್ ಬೇಡ. ಆದರೆ ಕಟ್ಟಡಗಳ ನಡುವೆ ಅದು ಕೆಲವು ಬೀದಿ ದಾಟಿದರೆ ಹೆಚ್ಚು. ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು.

ನಾನು ಹೇಳುವುದು ಲೋರಾ, ಅಂದರೆ ಕಡಿಮೆ ಪವರ್‌ನಲ್ಲಿ ಚಿಕ್ಕ ಸಂದೇಶವನ್ನು ದೂರ ಕಳಿಸುವ ರೇಡಿಯೊ ತಂತ್ರ. 865ರಿಂದ 867 ಮೆಗಾಹರ್ಟ್ಸ್, ಇದಕ್ಕೂ ಲೈಸೆನ್ಸ್ ಬೇಡ. ಎರಡೂ ಮನೆಯಲ್ಲಿ ಒಂದೊಂದು ಚಿಕ್ಕ ಲೋರಾ ರೇಡಿಯೊ ಬೋರ್ಡ್‌ಗೆ ಮೆಶ್‌ಟಾಸ್ಟಿಕ್ ಎಂಬ ಸಾಫ್ಟ್‌ವೇರ್ ಹಾಕಿ, ಬ್ಲೂಟೂತ್‌ನಲ್ಲಿ ಫೋನ್‌ಗೆ ಜೋಡಿಸಿದರೆ ಟೈಪ್ ಮಾಡಿದ ಸಂದೇಶ ಟವರ್ ಇಲ್ಲದೆ ಹೋಗುತ್ತದೆ. ನಡುವೆ ಇರುವ ಬೋರ್ಡ್‌ಗಳು ಅದನ್ನು ಮುಂದೆ ದಾಟಿಸುತ್ತವೆ. ಇಲ್ಲಿ ಎತ್ತರವೇ ಎಲ್ಲ. ಟೇಬಲ್ ಮೇಲಿಟ್ಟರೆ ಪಕ್ಕದ ರಸ್ತೆಗೂ ತಲುಪದ ಸಿಗ್ನಲ್, ಆಂಟೆನಾವನ್ನು ತಾರಸಿಯ ಸಿಂಟೆಕ್ಸ್ ಟ್ಯಾಂಕ್‌ಗಿಂತ ಮೇಲೆ ಕಟ್ಟಿದರೆ ಕಿಲೋಮೀಟರ್‌ಗಟ್ಟಲೆ ಹೋಗಬಹುದು. ಫೋಟೊ, ವಾಯ್ಸ್ ಮೆಸೇಜ್ ಎಲ್ಲ ಆಗಲ್ಲ. ಒಂದು ಸಂದೇಶಕ್ಕೆ ಸುಮಾರು 200 ಬೈಟ್ ಅಷ್ಟೇ. ಕನ್ನಡದ ಪ್ರತಿ ಅಕ್ಷರಕ್ಕೆ 3 ಬೈಟ್ ಬೇಕು, ಕಾಗುಣಿತ, ಒತ್ತು ಬಂದರೆ ಇನ್ನೂ ಜಾಸ್ತಿ. ಹಾಗಾಗಿ "ಕ್ಷೇಮ, ರಾತ್ರಿ ಬರ್ತೀನಿ" ಅನ್ನುವಷ್ಟು ಚುಟುಕಾಗಿ ಬರೆಯಲು ಮನೆಯವರಿಗೆ ರೂಢಿ ಮಾಡಿಸಿ.

ಮೆಶ್‌ಟಾಸ್ಟಿಕ್‌ನಲ್ಲಿ ಮೊದಲೇ ಇರುವ ಚಾನಲ್‌ನ ಕೀ (ಸಂದೇಶವನ್ನು ಗುಟ್ಟಾಗಿಡುವ ಬೀಗದ ಕೈ ಇದ್ದಂತೆ) ಎಲ್ಲರಿಗೂ ಗೊತ್ತಿರುವಂಥದ್ದು. ನಿಮ್ಮದೇ ಚಾನಲ್ ಮಾಡಿ, ಕೀ ಬದಲಿಸಿ, ಲೊಕೇಶನ್ ಆಫ್ ಮಾಡಿ. ಇಷ್ಟು ಮಾಡಿದರೂ ನೀವು ಬರೆದದ್ದು ಮಾತ್ರ ಗುಟ್ಟಾಗಿರುತ್ತದೆ. ಸಿಗ್ನಲ್ ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಹಚ್ಚುವುದು ಸಾಧ್ಯ. ಇದನ್ನು ಹಗುರವಾಗಿ ತಗೊಳ್ಳಬೇಡಿ.

ಸುದ್ದಿಗೆ ಸೆಲ್ ಹಾಕುವ ಒಂದು ರೇಡಿಯೊ ಇರಲಿ, ದೂರದ ಕೇಂದ್ರಗಳನ್ನು ಹಿಡಿಯುವ ಶಾರ್ಟ್‌ವೇವ್ ಇದ್ದರೆ ಒಳ್ಳೆಯದು. 2019ರಲ್ಲಿ ಕಾಶ್ಮೀರದವರಿಗಾಗಿ ಬಿಬಿಸಿ ಶಾರ್ಟ್‌ವೇವ್ ಸುದ್ದಿಯನ್ನು ಹೆಚ್ಚಿಸಿತ್ತು.

ಮೆಶ್‌ಟಾಸ್ಟಿಕ್‌ನ ಆಪ್, ಫರ್ಮ್‌ವೇರ್ (ಬೋರ್ಡ್‌ಗೆ ಹಾಕುವ ಸಾಫ್ಟ್‌ವೇರ್) ಎಲ್ಲ ಈಗಲೇ ಇಳಿಸಿಕೊಳ್ಳಿ, ಬಂದ್ ಆದ ಮೇಲೆ ಅದು ಸಿಗಲ್ಲ. ಈ ಭಾನುವಾರವೇ ಎರಡೂ ಮನೆಯಿಂದ ಸಂದೇಶ ಕಳಿಸಿ ನೋಡಿ. ತಲುಪದಿದ್ದರೆ, ನಡುವೆ ಪರಿಚಯದವರ ಎತ್ತರದ ತಾರಸಿ ಯಾವುದಿದೆ ಅಂತ ಹುಡುಕಿ, ಅಲ್ಲೊಂದು ಬೋರ್ಡ್ ಇಡಲು ಕೇಳಿಕೊಳ್ಳಿ.