ಮತ್ತೆ ಬೇಸ್ ಗಿಟಾರ್ ಹಿಡಿದವರಿಗೆ

ಓದುಗರ ಪತ್ರ: "ಕಾಲೇಜಿನ ದಿನಗಳಲ್ಲಿ ಬ್ಯಾಂಡ್ ಒಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಆಮೇಲೆ ಕೆಲಸ, ಮನೆ, ಮಕ್ಕಳು ಅಂತ ಬಿಟ್ಟೇ ಹೋಯಿತು. ಇಪ್ಪತ್ತು ವರ್ಷದ ಮೇಲೆ ಈಗ ಮತ್ತೆ ಕೈಗೆತ್ತಿಕೊಂಡಿದ್ದೇನೆ. ಹಾಡು ತಲೆಯಲ್ಲಿದೆ, ಕೈಗೆ ಬರ್ತಿಲ್ಲ. ಹತ್ತು ನಿಮಿಷಕ್ಕೇ ಬೆರಳ ತುದಿ ಉರಿಯುತ್ತದೆ, ಎಡಗೈ ಮಣಿಕಟ್ಟು ನೋಯುತ್ತದೆ. ಮತ್ತೆ ಮೊದಲಿಂದ ಕಲಿಯಬೇಕಾ? ಹಳೆಯದನ್ನು ಕೊಟ್ಟು ಐದು ತಂತಿಯದು ತಗೊಳ್ಳಲಾ? ಆಗಿನ ಡ್ರಮ್ಮರ್ ಗೆಳೆಯ ಒಟ್ಟಿಗೆ ನುಡಿಸೋಣ ಬಾ ಅಂತಿದ್ದಾನೆ. ಕೈ ಸ್ವಲ್ಪ ಸರಿಹೋಗಲಿ, ಬರ್ತೀನಿ ಅಂದಿದ್ದೇನೆ. ಐವತ್ತರ ಹತ್ತಿರ ಬಂದವನಿಗೆ ಇದೆಲ್ಲ ಬೇಕಾ ಅಂತಲೂ ಅನ್ನಿಸುತ್ತದೆ."

ಸಂಪಾದಕರ ಉತ್ತರ:

ಮೊದಲಿಂದ ಕಲಿಯಬೇಕಾಗಿಲ್ಲ. ನಿಮ್ಮ ಪತ್ರದಲ್ಲೇ ಅದಕ್ಕೆ ಸಾಕ್ಷಿ ಇದೆ. ಹಾಡು ತಲೆಯಲ್ಲಿದೆ ಎಂದು ಬರೆದಿದ್ದೀರಿ. ಯಾವ ಸ್ವರ ಎಲ್ಲಿದೆ, ಹಾಡು ಎಲ್ಲಿ ತಿರುಗುತ್ತದೆ, ಎಲ್ಲಿ ಸುಮ್ಮನಿರಬೇಕು ಎಂಬುದೆಲ್ಲ ನಿಮಗೆ ಗೊತ್ತು. ಹೊಸಬರು ವರ್ಷಗಟ್ಟಲೆ ಕೂತು ಗಳಿಸುವುದು ಇದನ್ನೇ. ನೀವು ಕಳೆದುಕೊಂಡಿರುವುದು ಬೆರಳ ತುದಿಯ ಜಡ್ಡು, ಕೈಯ ಕಸುವು, ಲಯದ ನಿಖರತೆ. ಮೊದಲಿನ ಎರಡು ಬೇಗ ಬರುತ್ತವೆ. ಮೂರನೆಯದಕ್ಕೆ ಸ್ವಲ್ಪ ಕೆಲಸ ಇದೆ.

ಆದರೆ ಎಲ್ಲಕ್ಕಿಂತ ಮೊದಲು ವಾದ್ಯವನ್ನು ನೋಡಿ. ಹಿಂತಿರುಗಿ ಬಂದವರು ತಮ್ಮ ಕೈಯನ್ನು ಬೈದುಕೊಳ್ಳುತ್ತಾರೆ. ಎಷ್ಟೋ ಸಲ ತಪ್ಪು ಕೈಯದಲ್ಲ, ವಾದ್ಯದ್ದು. ಬೇಸ್‌ನ ನಾಲ್ಕು ತಂತಿ ಶ್ರುತಿಯಲ್ಲಿದ್ದಾಗ ಒಟ್ಟು 70ರಿಂದ 80 ಕಿಲೋದಷ್ಟು ಎಳೆತ ಇರುತ್ತದೆ. ವರ್ಷಗಟ್ಟಲೆ ಆ ಎಳೆತದಲ್ಲಿ ನಿಂತ ನೆಕ್, ಅಂದರೆ ಎಡಗೈ ಹಿಡಿಯುವ ಉದ್ದನೆಯ ಮರ, ಮುಂದಕ್ಕೆ ಬಾಗುತ್ತದೆ. ಹವೆಯ ಏರುಪೇರೂ ಅದಕ್ಕೆ ಸೇರುತ್ತದೆ. ಆಗ ತಂತಿ ಫ್ರೆಟ್‌ಗಳಿಂದ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗಳಿಂದ, ಮೇಲೆ ನಿಲ್ಲುತ್ತದೆ. ಅದನ್ನು ಒತ್ತಲು ದುಪ್ಪಟ್ಟು ಬಲ ಬೇಕು ಅನ್ನಿಸುತ್ತದೆ. ನಿಮ್ಮ ಮಣಿಕಟ್ಟಿನ ನೋವಿನಲ್ಲಿ ಇದರ ಪಾಲು ಜಾಸ್ತಿಯೇ ಇರಬಹುದು.

ಪರೀಕ್ಷೆ ಸುಲಭ. ಶ್ರುತಿ ಮಾಡಿ. ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಒಂದು ಕೈಯಿಂದ ಒತ್ತಿ. ನೆಕ್ ಬಂದು ಬಾಡಿಗೆ ಸೇರುವ ಕಡೆ ಇನ್ನೊಂದು ಕೈಯಿಂದ ಒತ್ತಿ. ಈಗ ಏಳು, ಎಂಟನೆಯ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಎಷ್ಟು ಜಾಗ ಇದೆ ನೋಡಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು, ಅಂದರೆ ಸುಮಾರು 0.3 ಮಿಲಿಮೀಟರ್, ಇದ್ದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನೆಕ್ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳನ್ನು ಬಿಗಿ ಮಾಡಬೇಕು. ಒಂದು ಸಲಕ್ಕೆ ಕಾಲು ಸುತ್ತು ಸಾಕು. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ಒಂದು ದಿನ ಬಿಟ್ಟು ನೋಡಿ. ಬಹಳ ಬಿಗಿಯಾಗಿದ್ದರೆ ಬಲವಂತ ಬೇಡ, ರಿಪೇರಿ ಬಲ್ಲವರಿಗೆ ಕೊಡಿ. ಒಳಗೆ ಬ್ಯಾಟರಿ ಹಾಕುವ ಮಾದರಿಯಾದರೆ ಆ 9 ವೋಲ್ಟ್ ಬ್ಯಾಟರಿಯನ್ನು ಈಗಲೇ ತೆಗೆಯಿರಿ. ಅಷ್ಟು ವರ್ಷದಲ್ಲಿ ಸೋರಿರುವ ಸಂಭವ ಇದೆ. ವಾಲ್ಯೂಮ್ ತಿರುಗಿಸಿದಾಗ ಕರಕರ ಅಂದರೆ ಒಳಗೆ ಧೂಳು ಕೂತಿದೆ ಅಷ್ಟೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ನಾಲ್ಕು ಸಲ ತಿರುಗಿಸಿದರೆ ಹೋಗುತ್ತದೆ.

ತಂತಿ ಬದಲಿಸಲೇಬೇಕು ಎಂದು ಎಲ್ಲರೂ ಹೇಳುತ್ತಾರೆ. ತುಕ್ಕು ಹಿಡಿದು ಬೆರಳು ಕೊರೆಯುತ್ತಿದ್ದರೆ ಬದಲಿಸಿ. ನಾದ ಮಂಕಾಗಿದೆ ಎಂಬ ಒಂದೇ ಕಾರಣಕ್ಕೆ ಅವಸರ ಬೇಡ. 1960ರ ದಶಕದಲ್ಲಿ ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ತಂತಿ ತುಂಡಾಗುವವರೆಗೂ ಬದಲಿಸುತ್ತಿರಲಿಲ್ಲ. ಆ ಮಂದ, ಗುಂಡನೆಯ ನಾದವೇ ಅವರ ಗುರುತಾಯಿತು. ಹೊಸದು ಹಾಕುವುದೇ ಆದರೆ ನಿಮಗೆ ನನ್ನ ಸಲಹೆ ಫ್ಲಾಟ್‌ವೂಂಡ್, ಅಂದರೆ ಚಪ್ಪಟೆ ಸುತ್ತಿನ ತಂತಿ. ಅದರ ಮೈ ನುಣುಪು. ಜಡ್ಡಿಲ್ಲದ ಬೆರಳಿಗೆ ಅದು ದೊಡ್ಡ ಉಪಕಾರ.

ಈಗ ಎಡಗೈ. ನೀವು ಮೊದಲ ಫ್ರೆಟ್‌ನಿಂದಲೇ ಅಭ್ಯಾಸ ಶುರು ಮಾಡಿದ್ದೀರಿ ಎಂದು ನನ್ನ ಊಹೆ. ಬಹಳ ಮಂದಿ ಹಾಗೇ ಮಾಡುತ್ತಾರೆ, ಮತ್ತು ಅಲ್ಲೇ ಕೈ ನೋಯಿಸಿಕೊಳ್ಳುತ್ತಾರೆ. ಸಾಮಾನ್ಯ ಬೇಸ್‌ನಲ್ಲಿ ತಂತಿಯ ಉದ್ದ 34 ಇಂಚು. ಅದರಲ್ಲಿ ಮೊದಲ ಫ್ರೆಟ್‌ನ ಜಾಗದ ಅಗಲ 48 ಮಿಲಿಮೀಟರ್‌ಗೂ ಜಾಸ್ತಿ. ಐದನೆಯ ಫ್ರೆಟ್‌ಗೆ ಬಂದರೆ ಅದು 38ರ ಆಸುಪಾಸು. ಹನ್ನೆರಡನೆಯದಕ್ಕೆ 26ರಷ್ಟು ಮಾತ್ರ. ಹಾಗಾಗಿ ಮೊದಲ ಕೆಲವು ವಾರ ಐದರಿಂದ ಹನ್ನೆರಡನೆಯ ಫ್ರೆಟ್ ನಡುವೆಯೇ ಇರಿ. ಹಳೆಯ ಹಾಡನ್ನೇ ಅಲ್ಲಿಗೆ ಎತ್ತಿ ನುಡಿಸಿ. ಮೊದಲ ಫ್ರೆಟ್‌ಗಳ ಕಡೆ ಹೋಗಲೇಬೇಕಾದಾಗ ಒಂದು ಫ್ರೆಟ್‌ಗೆ ಒಂದು ಬೆರಳು ಎಂಬ ನಿಯಮ ಬಿಡಿ. ನಿಂತು ನುಡಿಸುವ ದೊಡ್ಡ ಡಬಲ್ ಬೇಸ್‌ನವರು ಕೆಳಗಿನ ಸ್ವರಗಳಲ್ಲಿ ತೋರು, ನಡು, ಕಿರುಬೆರಳು ಮೂರನ್ನೇ ಬಳಸುತ್ತಾರೆ. ಉಂಗುರ ಬೆರಳು ಕಿರುಬೆರಳಿಗೆ ಬಲ ಕೊಡುತ್ತದೆ. ಮೂರು ಸ್ವರದಷ್ಟು ಜಾಗ ಹಿಡಿದು, ನಾಲ್ಕನೆಯದಕ್ಕೆ ಕೈಯನ್ನೇ ಸರಿಸುತ್ತಾರೆ. ನಿಮ್ಮ ಮಣಿಕಟ್ಟು ಇದನ್ನೇ ಕೇಳುತ್ತಿದೆ.

ಇನ್ನೂ ಒಂದು ಮಾತು. ಆಗಿನ ಫೋಟೊಗಳಲ್ಲಿ ಗಿಟಾರ್ ತೊಡೆಯವರೆಗೆ ಇಳಿಬಿದ್ದಿತ್ತು, ಅಲ್ವಾ? ಸ್ಟ್ರಾಪ್ ಮೇಲೆಳೆಯಿರಿ. ಕೂತಾಗ ಎಷ್ಟು ಎತ್ತರದಲ್ಲಿರುತ್ತದೋ ನಿಂತಾಗಲೂ ಅಷ್ಟೇ ಇರಲಿ. ಮಣಿಕಟ್ಟು ಮಡಚಿಕೊಂಡು ಬೆರಳಿಗೆ ಬಲ ಕೊಡಲು ಹೋದರೆ ನೋವು ಖಂಡಿತ. ಹದಿನೈದು ನಿಮಿಷ ನುಡಿಸಿ, ಎದ್ದು ಓಡಾಡಿ, ಮತ್ತೆ ಕೂರಿ. ಬೆರಳ ತುದಿ ಉರಿಯುವುದು ಸಹಜ, ಕೆಲವು ವಾರಗಳಲ್ಲಿ ಹೋಗುತ್ತದೆ. ಜೋಮು ಹಿಡಿದರೆ, ರಾತ್ರಿಯೂ ನೋವು ಇದ್ದರೆ, ಅದು ಬೇರೆ. ನುಡಿಸುವುದು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಬಲಗೈಗೆ ಹೇಳುವುದು ಒಂದೇ: ಮೆತ್ತಗೆ ಮೀಟಿ. ಸದ್ದು ಬೇಕಿದ್ದರೆ ಆಂಪ್ ಏರಿಸಿ. ಎರಡು ಬೆರಳು ಮೊದಲಿನ ವೇಗಕ್ಕೆ ಓಡುತ್ತಿಲ್ಲ ಎಂದು ಕೊರಗಬೇಡಿ. ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಅಷ್ಟನ್ನೂ ನುಡಿಸಿದರು. ಅಮೆರಿಕದ ಸ್ಟುಡಿಯೊ ಕಲಾವಿದೆ ಕ್ಯಾರಲ್ ಕೇ 1963ರಲ್ಲಿ ಗಿಟಾರ್‌ನಿಂದ ಬೇಸ್‌ಗೆ ಬಂದವರು, ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ಹಿಡಿದೇ ನುಡಿಸಿದರು.

ಲಯದ ವಿಷಯಕ್ಕೆ ಜಾಸ್ತಿ ಹೊತ್ತು ಕೊಡಿ. ದೂರವಿದ್ದವರ ಕೈಯಲ್ಲಿ ಮೊದಲು ಸಡಿಲವಾಗುವುದು ಇದು, ಮತ್ತು ಬೇಸ್‌ನಲ್ಲಿ ಇದೇ ಮುಖ್ಯ. ಒಂದೇ ಲಯದಲ್ಲಿ ಟಿಕ್ ಟಿಕ್ ಎನ್ನುವ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಡಿ. ಒಂದೇ ಸ್ವರ ಸಾಕು. ಸ್ವರ ಶುರುವಾಗುವುದನ್ನು ಎಲ್ಲರೂ ಗಮನಿಸುತ್ತಾರೆ. ನೀವು ಅದು ಮುಗಿಯುವುದನ್ನು ಗಮನಿಸಿ. ಎಲ್ಲಿ ಎಡಗೈ ಬೆರಳು ಸಡಿಲಿಸಿ ನಾದ ನಿಲ್ಲಿಸುತ್ತೀರಿ ಎಂಬುದರಲ್ಲೇ ಹಾಡಿನ ನಡೆ ಇದೆ. ಅದು ಹಿಡಿತಕ್ಕೆ ಬಂದ ಮೇಲೆ ಮೆಟ್ರೊನೋಮಿನ ಬಡಿತವನ್ನು ಎರಡನೆಯ ಮತ್ತು ನಾಲ್ಕನೆಯ ಎಣಿಕೆ ಎಂದುಕೊಂಡು ನುಡಿಸಿ. ಒಂದು ಮತ್ತು ಮೂರನ್ನು ಆಗ ನೀವೇ ಹೊರಬೇಕು. ನಿಮ್ಮೊಳಗಿನ ಲಯ ಎಲ್ಲಿ ಓಡುತ್ತದೆ, ಎಲ್ಲಿ ಎಳೆಯುತ್ತದೆ ಎಂದು ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ. ನುಡಿಸಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಕೆಳಗಿನ ಸ್ವರ ಸರಿಯಾಗಿ ಕೇಳುವುದಿಲ್ಲ, ಹೆಡ್‌ಫೋನ್ ಹಾಕಿಕೊಳ್ಳಿ.

ಐದು ತಂತಿಯದು ಸದ್ಯಕ್ಕೆ ಬೇಡ. ಅದರ ನೆಕ್ ಇನ್ನೂ ಅಗಲ, ಮತ್ತು ಒಂದು ತಂತಿ ಹೆಚ್ಚಾದರೆ ಸುಮ್ಮನಿರಿಸಬೇಕಾದ ತಂತಿಯೂ ಒಂದು ಹೆಚ್ಚು. ಕೈಗೆ ಉದ್ದವೇ ತೊಂದರೆ ಎನ್ನಿಸಿದರೆ 30 ಇಂಚಿನ ಶಾರ್ಟ್ ಸ್ಕೇಲ್ ಒಂದನ್ನು ಎಲ್ಲಾದರೂ ಹಿಡಿದು ನೋಡಿ. ಅದು ಮಕ್ಕಳ ವಾದ್ಯ ಎಂಬ ಮಾತಿಗೆ ಕಿವಿಗೊಡಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಒಪ್ಪಿಗೆಯಾಗದ ಸಾಲು ಒಂದೇ. ಕೈ ಸರಿಹೋಗಲಿ, ಆಮೇಲೆ ಬರ್ತೀನಿ ಎಂದದ್ದು. ಬೇಸ್ ಒಬ್ಬರೇ ಕೂತು ಸರಿಮಾಡಿಕೊಳ್ಳುವ ವಾದ್ಯ ಅಲ್ಲ. ಅದರ ಅರ್ಧ ಕೆಲಸ ಇನ್ನೊಬ್ಬರು ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಕೇಳುವುದು. ಅದನ್ನು ಕೋಣೆಯಲ್ಲಿ ಒಬ್ಬರೇ ಅಭ್ಯಾಸ ಮಾಡಲು ಬರುವುದಿಲ್ಲ. ಕೈ ಪೂರ್ತಿ ಸರಿಯಾಗಲಿ ಎಂದು ಕಾಯುತ್ತಾ ಮತ್ತೆ ಬಿಟ್ಟುಬಿಟ್ಟವರ ಪತ್ರಗಳೂ ನಮಗೆ ಬರುತ್ತವೆ, ಓದುವಾಗ ಬೇಸರವಾಗುತ್ತದೆ. ವಯಸ್ಸಿನ ಮಾತು ಬಿಡಿ. ಬೇಸ್‌ನಲ್ಲಿ ಎಷ್ಟೋ ಒಳ್ಳೆಯ ಹಾಡುಗಳಿಗೆ ಬೇಕಾಗುವುದು ಮೂರು ನಾಲ್ಕು ಸ್ವರ ಮತ್ತು ತಾಳ್ಮೆ. ತಾಳ್ಮೆ ಈಗ ನಿಮ್ಮಲ್ಲಿ ಕಾಲೇಜಿನ ದಿನಗಳಿಗಿಂತ ಜಾಸ್ತಿಯೇ ಇರಬೇಕು.

ಗೆಳೆಯರಿಗೆ ಈ ವಾರವೇ ಹೇಳಿಬಿಡಿ. ನಿಧಾನದ ಎರಡು ಹಾಡು ಆರಿಸಿಕೊಳ್ಳಿ, ಆಗ ನೀವಿಬ್ಬರೂ ಸುಲಭ ಎಂದು ಬದಿಗಿಟ್ಟಿದ್ದಂಥವು. ಮೊದಲ ಭೇಟಿ ಅರ್ಧ ಗಂಟೆ ಮೀರದಿರಲಿ, ಇಬ್ಬರೇ ಇರಿ, ಕೇಳುವವರನ್ನು ಕರೆಯಬೇಡಿ. ಡ್ರಮ್ ಹತ್ತಿರ ನಿಲ್ಲುವಾಗ ಇಯರ್‌ಪ್ಲಗ್ ಹಾಕಿಕೊಳ್ಳಿ. ಹೇಗಾಯಿತು ಎಂದು ನಮಗೆ ಬರೆಯಿರಿ.