ನೀತಿವಂತರಾಗೋದು ನಮ್ಮ ಸಾಧನೆನಾ, ದೇವರು ಕೊಡೋ ದಾನನಾ?

ಒಳ್ಳೆ ಕೆಲಸ ಮಾಡಿದ್ರೆ ತಾನೇ ನೀತಿವಂತ ಅನ್ನಿಸ್ಕೊಳ್ಳೋದು, ದೇವರು ಅದನ್ನ ಪುಕ್ಕಟೆ ಕೊಡೋದು ಹೆಂಗೆ ಅಂತ ಕೇಳಿದೀರ. ಬೈಬಲ್‌ನಲ್ಲಿ, ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಓದಿ. ಯೆಹೂದ್ಯರ ಮೂಲಪುರುಷ ಅಬ್ರಹಾಮ ದೇವರ ಮಾತು ನಂಬಿದ, ಅದನ್ನೇ ದೇವರು ನೀತಿ ಅಂತ ಎಣಿಸಿದ್ರು ಅಂತ ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದ 15ನೇ ಅಧ್ಯಾಯದಲ್ಲಿದೆ, ದೇವರ ಒಡಂಬಡಿಕೆಯ ಗುರುತಾದ ಸುನ್ನತಿ ಬಂದಿದ್ದು 17ನೇ ಅಧ್ಯಾಯದಲ್ಲಿ, ದೇವರು ಮೋಶೆಯ ಮೂಲಕ ಕೊಟ್ಟ ಧರ್ಮಶಾಸ್ತ್ರ ಅಂತೂ ಇನ್ನೂ ಎಷ್ಟೋ ಕಾಲದ ಮೇಲೆ, ಅಂದ್ರೆ ಇವೆಲ್ಲ ಶುರುವಾಗೋಕೆ ಮುಂಚೆನೇ ಅವನು ನೀತಿವಂತ ಅನ್ನಿಸ್ಕೊಂಡಿದ್ದ ಅನ್ನೋದೇ ಪೌಲನ ವಾದ. ನಂಗಂತೂ ಇದು ತುಂಬಾ ಗಟ್ಟಿ ಅನ್ಸುತ್ತೆ. ದುಡಿದವನಿಗೆ ಸಿಗೋದು ಕೂಲಿ, ದಾನ ಅಲ್ಲ ಅಂತಾನೂ ಅಲ್ಲೇ ಹೇಳ್ತಾನೆ. ಯೇಸು ಶಿಲುಬೆ ಮೇಲೆ ನಮ್ಮ ಪಾಪ ಹೊತ್ರು, ಅವರ ನೀತಿ ನಂಬಿದವರ ಲೆಕ್ಕಕ್ಕೆ ಬರುತ್ತೆ. ಹಾಗಂತ ಹೆಂಗ್ ಬೇಕಾದ್ರೂ ಬದುಕಬಹುದಾ? ಇಲ್ಲ, ಅದೇ ಪತ್ರದ 6ನೇ ಅಧ್ಯಾಯದಲ್ಲಿ ಪೌಲನೇ ಆ ಪ್ರಶ್ನೆ ಎತ್ತಿ ಖಂಡಿತ ಕೂಡದು ಅಂತಾನೆ.